ಗಂಗಕ್ಕನಿಗೊಂದು ಕಿಟಕಿ ಸೀಟು

ಹಿರಿಯೂರಿನ ಹೈವೇ ಪಕ್ಕದಲ್ಲಿ ಲಾರಿ ಸೀಟು ಹೊಲಿಯುವ ಲಕ್ಷ್ಮೀಕಾಂತ್, ತನ್ನ ತಾಯಿಗೆ ವಿಮಾನ ಕಟ್ಟಿಕೊಡುತ್ತೇನೆಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟದ್ದು ಪ್ರೀತಿಯಿಂದ, ಯೋಚನೆಯಿಂದ ಅಲ್ಲ. ಯೋಚಿಸಿ ಮಾತಾಡುವ ಅಭ್ಯಾಸ ಅವನಿಗಿದ್ದಿದ್ದರೆ ಬಬ್ಬೂರಿನ ಬಯಲಿನಲ್ಲಿ ಅಷ್ಟು ಜನ ಸೇರುತ್ತಿರಲಿಲ್ಲ, ಹೆಡ್ ಕಾನ್‌ಸ್ಟೇಬಲ್ ಮೂರ್ತಪ್ಪನವರ ಭಾನುವಾರ ಹಾಳಾಗುತ್ತಿರಲಿಲ್ಲ, ನಮಗೂ ಈ ಕಥೆ ಸಿಗುತ್ತಿರಲಿಲ್ಲ. ಆದ್ದರಿಂದ ಅವನ ದಡ್ಡತನವನ್ನು ನಾವು ಸ್ವಲ್ಪ ಗೌರವದಿಂದಲೇ ನೋಡಬೇಕು.

ಆದದ್ದು ಇಷ್ಟು. ಅವರ ಬಳಗದ ಹೆಂಗಸರೆಲ್ಲ ಸೇರಿ ವಿಮಾನದಲ್ಲಿ ಕಾಶಿಗೆ ಹೊರಟಿದ್ದರು. ಲಕ್ಷ್ಮೀಕಾಂತನ ತಾಯಿ ಗಂಗಕ್ಕನೂ ಹೊರಟಿದ್ದಳು. ಹೊಸ ಬ್ಯಾಗು ಬಂದಿತ್ತು, ದಾರಿಗೆಂದು ಶೇಂಗಾ ಚಟ್ನಿಪುಡಿ ಕುಟ್ಟಿಯಾಗಿತ್ತು. ಹೊರಡುವ ಮುನ್ನಾದಿನ ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿತು, ಸೊಂಟದ ಮೂಳೆ ಮುರಿಯಿತು. ಬಳಗ ಆಕಾಶದಲ್ಲಿ ಹಾರುತ್ತಿದ್ದಾಗ ಗಂಗಕ್ಕ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಫ್ಯಾನು ನೋಡುತ್ತಿದ್ದಳು. ಡಾಕ್ಟರು ಒಳಗೆ ರಾಡು ಕೂರಿಸಿ, ಇನ್ನು ಮೇಲೆ ದೂರದ ಪ್ರಯಾಣ, ಮೆಟ್ಟಿಲು ಹತ್ತುವುದು ಎರಡೂ ಬೇಡ ಎಂದುಬಿಟ್ಟರು.

ಗಾಯದ ಮೇಲೆ ಉಪ್ಪು ಹಾಕಲು ತುರುವನೂರಿನಿಂದ ವಾರಗಿತ್ತಿ ಮಲ್ಲಕ್ಕ ಬಂದಳು. ಕೈಯಲ್ಲಿ ಕಾಶಿಯ ಪ್ರಸಾದ, ಬಾಯಲ್ಲಿ ವಿಮಾನ.

"ಏನ್ ಹೇಳ್ಲಿ ಗಂಗಕ್ಕ! ಮ್ಯಾಲೆ ಹೋದ್ರೆ ಮೋಡ ನಮ್ಮ ಕೆಳಗೆ ಅವೆ. ಊರು ಕೇರಿ ಎಲ್ಲ ರಾಗಿ ಕಾಳಿನಂಗೆ ಕಾಣ್ತಾವೆ. ನಂದು ಕಿಟಕಿ ಪಕ್ಕದ ಸೀಟು ಬೇರೆ. ಒಂದು ಹುಡುಗಿ ಬಂದು, ಕಾಫಿ ತಗಳ್ರಿ ಅಮ್ಮಾ ಅಂತ ಕೈ ಮುಗೀತಾಳೆ. ನಮ್ಮ ಸೊಸೇರು ಒಂದಿನ ಆದ್ರೂ ಮುಗಿದವ್ರಾ?"

ಪಕ್ಕದ ಮನೆಯವರೂ ಬಂದು ಕುಳಿತು ಕೇಳುತ್ತಿದ್ದರು. ಕೇಳುವವರಿದ್ದಷ್ಟೂ ಮಲ್ಲಕ್ಕನ ವಿಮಾನ ಮೇಲೇರುತ್ತಿತ್ತು. ಕೊನೆಗೆ ಅವಳು ನಿಟ್ಟುಸಿರಿಟ್ಟು, "ಎಲ್ಲಕ್ಕೂ ಋಣ ಬೇಕು ಕಣಮ್ಮ. ನಿಂಗೆ ಆ ಋಣ ಇಲ್ಲ ಬಿಡು," ಎಂದಳು.

ಗಂಗಕ್ಕ ಮಾತಿಗೆ ಸೋತವಳಲ್ಲ. ಒಂದು ಹೇಳಿದರೆ ಹತ್ತು ಹೇಳುವ ಹೆಂಗಸು. ಆ ದಿನ ಮಾತ್ರ ಪ್ರಸಾದದ ಪೊಟ್ಟಣವನ್ನು ತಿರುಗಿಸುತ್ತಾ ಸುಮ್ಮನೆ ಕುಳಿತಳು. ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಬಂದ ಲಕ್ಷ್ಮೀಕಾಂತನಿಗೆ ಆ ಮೌನ ನೋಡಲಾಗಲಿಲ್ಲ.

"ಋಣ ಯಾಕಿಲ್ಲ ದೊಡ್ಡವ್ವ? ಅಮ್ಮಂಗೆ ಅಂತ ನಾನೇ ವಿಮಾನ ಕಟ್ತಾ ಇದೀನಿ!"

ಅದು ಪೂರಾ ಸುಳ್ಳೂ ಅಲ್ಲ. ಅಂಗಡಿಯ ಅಟ್ಟದ ಮೇಲೆ, ರೆಕ್ಸಿನ್ ಸುರುಳಿಗಳ ಹಿಂದೆ, ಅವನು ಫೋನಿನ ವಿಡಿಯೋ ನೋಡಿಕೊಂಡು ರೇಡಿಯೋ ರಿಮೋಟಿನಲ್ಲಿ ಹಾರುವ ಒಂದು ಮಾದರಿ ವಿಮಾನ ಕಟ್ಟುತ್ತಿದ್ದ. ಹತ್ತಿಯಷ್ಟು ಹಗುರಾದ ಬಾಲ್ಸಾ ಮರದ ಪಟ್ಟಿಗಳನ್ನು ಕತ್ತರಿಸಿ, ಅಂಟಿಸಿ, ಪಕ್ಕೆಲುಬು ಜೋಡಿಸಿದಂತೆ ರೆಕ್ಕೆ ಜೋಡಿಸಿದ್ದ. ಹೆಂಡತಿ ಸ್ವಾತಿಗೂ ಹೇಳಿರಲಿಲ್ಲ. ಲಾರಿ ಕೆಲಸ ಜಾಸ್ತಿ ಎಂದು ಅವಳು ನಂಬಿದ್ದಳು. ಆ ಗುಟ್ಟು ಈಗ ಮಲ್ಲಕ್ಕನ ಎದುರೇ ಹೊರಬಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಡಿದ್ದಾಯಿತಲ್ಲ, ಮಾಡಿ ತೋರಿಸಬೇಕೆಂದು ಲಕ್ಷ್ಮೀಕಾಂತ್ ಅವಸರಕ್ಕೆ ಬಿದ್ದ. ಅಸ್ಥಿಪಂಜರ ಸಿದ್ಧವಿತ್ತು, ಮೇಲೆ ಹೊದಿಕೆ ಬೇಕಿತ್ತು. ಬಿಸಿ ತಾಗಿದರೆ ಬಿಗಿಯುವ ತೆಳುವಾದ ಹಾಳೆಯನ್ನು ಹೊದಿಸಬೇಕೆಂದು ವಿಡಿಯೋದಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಆದರೆ ಜೀವಮಾನವಿಡೀ ಹೊದಿಕೆ ಹೊಲಿದವನಿಗೆ ಇನ್ನೊಬ್ಬರು ಹೊದಿಕೆಯ ಪಾಠ ಹೇಳುವುದೆಂದರೇನು! ಅವನು ಒಳ್ಳೆಯ ಕೆಂಪು ರೆಕ್ಸಿನ್ ತೆಗೆದು, ಒಳಗೆ ಸ್ವಲ್ಪ ಸ್ಪಂಜು ಕೊಟ್ಟು, ಅಂಚಿಗೆ ಬಿಳಿ ಪೈಪಿಂಗ್ ಹಾಕಿ, ಡಬಲ್ ಹೊಲಿಗೆ ಹೊಡೆದ. ರೆಕ್ಕೆಯ ನಡುವೆ ಎರಡು ಗುಂಡಿಗಳನ್ನೂ ಕೂರಿಸಿದ. ನೋಡಿದ ಒಬ್ಬ ಲಾರಿ ಡ್ರೈವರು ತನ್ನ ಕ್ಯಾಬಿನ್ನಿಗೂ ಇದೇ ಡಿಸೈನು ಬೇಕೆಂದು ಹಟ ಹಿಡಿದ.

ಹಾರಿಸಲು ಬಬ್ಬೂರಿನ ಬೋರಪ್ಪನ ಹೊಲಕ್ಕೆ ಒಯ್ದದ್ದಾಯಿತು. ಶೇಂಗಾ ಕಿತ್ತು ಹೊಲ ಖಾಲಿಯಿತ್ತು. ಲಕ್ಷ್ಮೀಕಾಂತ್ ರಿಮೋಟು ಒತ್ತಿದ. ವಿಮಾನ ಓಡಿತು. ಹೊಲದ ಈ ತುದಿಯಿಂದ ಆ ತುದಿಗೆ ಧೂಳೆಬ್ಬಿಸುತ್ತಾ ಓಡಿತು, ಬದು ಸಿಕ್ಕಾಗ ತಿರುಗಿ ಮತ್ತೆ ಓಡಿತು. ನಾಯಿಗಳು ಅಟ್ಟಿಸಿಕೊಂಡು ಹೋಗಿ, ಬೇಜಾರಾಗಿ ಮರಳಿ ಬಂದವು. ಚಕ್ರ ಮಾತ್ರ ನೆಲ ಬಿಡಲಿಲ್ಲ.

ಬದುವಿನ ಮೇಲೆ ಕುಳಿತ ಬೋರಪ್ಪ ಬೀಡಿ ಆರಿಸಿ ತನ್ನ ಅಭಿಪ್ರಾಯ ಕೊಟ್ಟ. "ಓಡಾದು ಚೆನ್ನಾಗಿ ಓಡ್ತೈತಪ್ಪ. ಹಿಂದಕ್ಕೊಂದು ಕುಂಟೆ ಕಟ್ಟು, ಉಪಯೋಗಕ್ಕಾದ್ರೂ ಬರ್ತೈತೆ."

ಲಕ್ಷ್ಮೀಕಾಂತ್ ಭಾರದ ರೆಕ್ಸಿನ್ ಬಿಚ್ಚಲೆಂದು ವಿಮಾನವನ್ನು ಮನೆಗೆ ತಂದ. ನಡುಮನೆಯಲ್ಲಿ ಗಂಗಕ್ಕ ಎದುರಾದಳು. ಒಳ್ಳೆಯದೇ ಆಯಿತು, ಇಷ್ಟು ಸಣ್ಣದನ್ನು ನೋಡಿದರೆ ಅಮ್ಮ ನಕ್ಕು ಬಯ್ದುಬಿಡುತ್ತಾಳೆ, ಅಲ್ಲಿಗೆ ವಿಷಯ ಮುಗಿಯುತ್ತದೆ ಎಂದುಕೊಂಡು, "ಅಮ್ಮಾ, ಇದೇ," ಎಂದ. ಗಂಗಕ್ಕ ವಾಕರ್ ಊರಿಕೊಂಡು ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಬಂದಳು. ರೆಕ್ಕೆ ಸವರಿದಳು. ಅವಳ ಕಣ್ಣಲ್ಲಿ ನೀರು ತುಂಬಿತು.

"ಹರಕೆಗೆ ಇಷ್ಟು ಚೆಂದ ಯಾರೂ ಮಾಡಲ್ಲ ಕಣೋ. ದೊಡ್ಡದು ಯಾವಾಗ ಬರ್ತೈತೆ?"

ಇಲ್ಲಿ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಮಕ್ಕಳಾಗದವರು ಅಮ್ಮನ ಗುಡಿಯ ಮರಕ್ಕೆ ಸಣ್ಣ ಮರದ ತೊಟ್ಟಿಲು ಕಟ್ಟುತ್ತಾರೆ. ಮನೆ ಬೇಕೆನ್ನುವವರು ಗುಡ್ಡದ ಮೇಲೆ ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಮಾಡಿ ಬರುತ್ತಾರೆ. ಸಣ್ಣದನ್ನು ನೀನು ಕೊಟ್ಟರೆ ದೊಡ್ಡದನ್ನು ದೇವರು ಕೊಡಬೇಕು, ಅದು ಒಪ್ಪಂದ. ಗಂಗಕ್ಕನೂ ತವರೂರು ಮತ್ತೋಡಿನ ಬೇವಿನ ಮರಕ್ಕೆ ತೊಟ್ಟಿಲು ಕಟ್ಟಿದ್ದಳು. ಅದರ ಫಲ ಅಂಗಿಯ ಮೇಲೆ ಬಿಳಿ ದಾರ ಅಂಟಿಸಿಕೊಂಡು ಎದುರಿಗೇ ನಿಂತಿತ್ತು. ತೊಟ್ಟಿಲಿಗೆ ಮಗು ಬಂದ ಮೇಲೆ ವಿಮಾನಕ್ಕೆ ವಿಮಾನ ಬರಲು ತಡವೇನು?

ಲಕ್ಷ್ಮೀಕಾಂತ್ ಹೇಳಲು ಬಾಯಿ ತೆರೆದ. ತಾಯಿಯ ಮುಖ ನೋಡಿದ. ಬಚ್ಚಲಲ್ಲಿ ಬಿದ್ದ ದಿನದಿಂದ ಆ ಮುಖದಲ್ಲಿ ಅಂಥ ಬೆಳಕು ಕಂಡಿರಲಿಲ್ಲ. "ಇದು ಹಾರಿದ ಮೇಲೆ ನೋಡಾಣಮ್ಮ," ಎಂದುಬಿಟ್ಟ. ಇದು ಅವನ ಎರಡನೆಯ ದಡ್ಡತನ. ಇದಕ್ಕೂ ಪ್ರೀತಿಯೇ ಕಾರಣ.

ಮರುದಿನ ಬೆಳಗ್ಗೆ ಗಂಗಕ್ಕ ಜಗಲಿಯ ಮೇಲೆ ಕುಳಿತು ಹಾಲಿನವನಿಗೂ ಹೂವಿನವಳಿಗೂ ಸುದ್ದಿ ಕೊಟ್ಟಳು. ಬೀದಿಯವರು ಪೂರ್ತಿ ನಂಬಲಿಲ್ಲ, ನಂಬದೆಯೂ ಇರಲಿಲ್ಲ. ನಂಬಿ ಕೆಟ್ಟವರಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಎದುರು ಮನೆಯ ನಿಂಗಕ್ಕ ಹತ್ತಿರ ಬಂದು, "ಹೊಳಲ್ಕೆರೆಗೆ ಸ್ಟಾಪ್ ಐತಾ ಗಂಗಕ್ಕ? ಮಗಳ ಮನೆ ಅಲ್ಲೇ," ಎಂದು ಕೇಳಿದಳು. "ಕೇಳಿ ಹೇಳ್ತೀನಿ. ಎಲ್ಲ ಕಡೆ ನಿಲ್ಸಿದ್ರೆ ಬಸ್ಸಿಗೂ ಅದಕ್ಕೂ ಏನು ವ್ಯತ್ಯಾಸ?" ಎಂದು ಗಂಗಕ್ಕ ಗಂಭೀರವಾಗಿ ಉತ್ತರಿಸಿದಳು.

ಮಧ್ಯಾಹ್ನದೊಳಗೆ ಸುದ್ದಿ ಸೈಟು ಬ್ರೋಕರ್ ದುರ್ಗೇಶನ ಕಿವಿಗೆ ಬಿತ್ತು. ಅವನು ಅಂಗಡಿಗೆ ಬಂದು ಬಾಗಿಲು ಅರ್ಧ ಮುಚ್ಚಿದ.

"ಅಣ್ಣಾ, ನಿನ್ನಾಣೆ ಯಾರಿಗೂ ಹೇಳಲ್ಲ. ಏರ್‌ಪೋರ್ಟು ಬಬ್ಬೂರು ಕಡೆಗೋ, ಹೊಸದುರ್ಗ ರೋಡಿಗೋ?"

"ಲೇ ದುರ್ಗೇಶ, ಅದು ಆಟದ ವಿಮಾನ ಕಣೋ!"

"ಗೊತ್ತಾಯ್ತು ಬಿಡಣ್ಣ," ಎಂದು ದುರ್ಗೇಶ ಕಣ್ಣು ಮಿಟುಕಿಸಿದ. "ಇಂಥವನ್ನೆಲ್ಲ ಯಾರು ಬಾಯಿಬಿಟ್ಟು ಹೇಳ್ತಾರೆ? ಬಬ್ಬೂರೇ ಅಂತ ತಿಳ್ಕಂಡೆ."

ಸಂಜೆಯ ಹೊತ್ತಿಗೆ ಬೋರಪ್ಪನ ಹೊಲದ ಪಕ್ಕದಲ್ಲಿ ಒಂದು ಬೋರ್ಡು ಎದ್ದಿತು: 'ವಿಮಾನ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ, ಸುಂದರ ನಿವೇಶನಗಳು.' ಆ ಬೋರ್ಡು ನೋಡಿಯೇ ಹೆಡ್ ಕಾನ್‌ಸ್ಟೇಬಲ್ ಮೂರ್ತಪ್ಪ ಲಕ್ಷ್ಮೀಕಾಂತನ ಮನೆಗೆ ಬಂದದ್ದು.

"ಏನಪ್ಪ, ಏರ್‌ಪೋರ್ಟು ಮಾಡ್ತಾ ಇದೀಯಂತೆ. ಸ್ಟೇಷನ್ನಿಗೆ ಒಂದು ಮಾತು ಹೇಳ್ಬಾರ್ದಾ?"

ಲಕ್ಷ್ಮೀಕಾಂತ್ ಬಾಗಿಲ ಹಿಂದಕ್ಕೆ ಸರಿದ. ಗಂಗಕ್ಕ ವಾಕರ್ ಊರಿಕೊಂಡು ಮುಂದೆ ಬಂದಳು. "ಬರ್ರಿ ಸಾಹೇಬ್ರೆ, ಕುಂತ್ಕಳ್ರಿ. ಸ್ವಾತಿ, ಕಾಫಿ ತಾರಮ್ಮ. ನೀವು ಬಂದಿದ್ದು ಒಳ್ಳೇದಾತು, ಹತ್ತಾಗ ನೂಕುನುಗ್ಗಲು ಆಗಬಾರ್ದು ನೋಡ್ರಿ," ಎಂದು ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ವಿವರಿಸಿದಳು. ಮೂರ್ತಪ್ಪ ವಿಮಾನವನ್ನು ನೋಡಿದರು, ಅದರ ಚಕ್ರವನ್ನು ಬೆರಳಿನಿಂದ ತಿರುಗಿಸಿದರು, ಗಂಗಕ್ಕನ ಮುಖ ನೋಡಿದರು. ಕಾಫಿ ಕುಡಿದು, ಲಕ್ಷ್ಮೀಕಾಂತನನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

"ಅಮ್ಮಂಗೆ ಯಾವಾಗ ಹೇಳ್ತೀಯಪ್ಪ?"

"ಹೇಳ್ತೀನಿ ಸಾರ್."

"ಬೇಗ ಹೇಳು. ನಾನು ಕೆಲ್ಸಕ್ಕೆ ಸೇರಿದಾಗ ನಮ್ಮವ್ವಂಗೆ, ಕುದುರೆ ಮ್ಯಾಲೆ ಕುಂತ್ಕಂಡು ಊರಿಗೆ ಬರ್ತೀನಿ ಅಂದಿದ್ದೆ. ತಮಾಷೆಗೆ ಅಂದಿದ್ದು. ಅವಳು ಸಾಯೋ ತನಕ, ಕುದುರೆ ಎಲ್ಲಿ ಕಟ್ಟಿದೀಯೋ ಅಂತ ಕೇಳ್ತಿದ್ಲು." ಮೂರ್ತಪ್ಪ ಟೋಪಿ ಸರಿಮಾಡಿಕೊಂಡರು. "ಆ ಬೋರ್ಡು ನಾನು ಕಿತ್ತಾಕಿಸ್ತೀನಿ. ಹಾರಿಸೋ ದಿನ ಹೇಳು, ಬಂದೋಬಸ್ತಿಗೆ ಬರ್ತೀನಿ."

ಹೇಳಬೇಕೆಂದು ಲಕ್ಷ್ಮೀಕಾಂತ್ ಹಲವು ಸಲ ತಾಯಿಯ ಬಳಿ ಹೋದ. ಒಂದು ಸಲ ಅವಳು ವಿಮಾನಕ್ಕೆಂದು ರೊಟ್ಟಿ ಒಣಗಿಸುತ್ತಿದ್ದಳು. ಇನ್ನೊಂದು ಸಲ ಹೊಸ ಬ್ಯಾಗಿನ ಧೂಳು ಕೊಡವುತ್ತಿದ್ದಳು. ಮತ್ತೊಂದು ಸಲ ಅವಳೇ ಕರೆದು, "ಲೇ, ಊರ ಲಾರಿಗೆಲ್ಲ ಸೀಟು ಹೊಲೀತೀಯ. ನನ್ನ ಸೀಟನ್ನ ಬೇರೆಯವರ ಕೈಲಿ ಹೊಲಿಸಬ್ಯಾಡ. ನೀನೇ ಹೊಲಿ. ಸೊಂಟಕ್ಕೆ ಮೆತ್ತಗಿರ್ಲಿ," ಎಂದಳು. ಅವನು ಹೂಂ ಎಂದು ಅಂಗಡಿಗೆ ಹೋಗಿ ನಿಜಕ್ಕೂ ಹೊಲಿಯಲು ಕುಳಿತ. ಅಷ್ಟೊಂದು ಸಂಗತಿಗಳಲ್ಲಿ ಅವನಿಗೆ ಸರಿಯಾಗಿ ಬರುತ್ತಿದ್ದದ್ದು ಅದೊಂದೇ. ಹಳೇ ಬಸ್ಸಿನ ಇಬ್ಬರು ಕೂರುವ ಸೀಟು ತಂದು, ಹೊಸ ಸ್ಪಂಜು ತುಂಬಿ, ವಿಮಾನದಿಂದ ಬಿಚ್ಚಿದ ಕೆಂಪು ರೆಕ್ಸಿನ್ನಿಗೆ ಇನ್ನಷ್ಟು ಸೇರಿಸಿ ಹೊದಿಸಿದ. ಬೆಲ್ಟನ್ನೂ ಹಾಕಿದ.

ವಿಮಾನಕ್ಕೆ ಈ ಸಲ ತೆಳುವಾದ ಹಳದಿ ಹಾಳೆ ತರಿಸಿದ್ದಾಯಿತು. ಅದನ್ನು ಇಸ್ತ್ರಿಪೆಟ್ಟಿಗೆಯಿಂದ ಬಿಗಿಸಬೇಕು. ಮನೆಯ ಇಸ್ತ್ರಿಪೆಟ್ಟಿಗೆ ಹಿಡಿದು ಅವನು ಒಂದೇ ಎಳೆತಕ್ಕೆ ಹಾಳೆಯಲ್ಲಿ ರೊಟ್ಟಿಯಗಲದ ತೂತು ಮಾಡಿದ. ಎರಡನೆಯ ತೂತಿಗೆ ಸ್ವಾತಿ ತಡೆಯಲಾರದೆ ಎದ್ದು ಬಂದಳು.

"ಬಿಡ್ರಿ ಇಲ್ಲಿ. ಮದ್ವೆ ಆದಾಗಿಂದ ನಿಮ್ಮ ಕಾಲರಿಗೆ ಇಸ್ತ್ರಿ ಹಾಕ್ತಾ ಇದೀನಿ, ಒಂದಾದ್ರೂ ಸುಟ್ಟಿದೀನಾ?"

ಅವನು ಹಾಳೆ ಎಳೆದು ಹಿಡಿದ, ಅವಳು ಹಗುರಾಗಿ ತೀಡಿದಳು. ಸುಕ್ಕುಗಳು ಒಂದೊಂದಾಗಿ ಮಾಯವಾಗಿ, ರೆಕ್ಕೆ ತಮಟೆಯಂತೆ ಬಿಗಿಯಾಯಿತು. ಗಂಡ ಹೆಂಡತಿ ಇಬ್ಬರೂ ಒಂದೇ ಕೆಲಸಕ್ಕೆ ಕೈ ಹಾಕಿ ಎಷ್ಟು ದಿನವಾಗಿತ್ತೋ, ಇಬ್ಬರಿಗೂ ನೆನಪಿರಲಿಲ್ಲ.

"ಅತ್ತೆಗೆ ಏನು ಹೇಳ್ತೀರಿ?" ಎಂದಳು ಸ್ವಾತಿ.

"ಏನು ಹೇಳ್ಲಿ? ಇದರ ಮೂತಿಗೆ ಒಂದು ಸಣ್ಣ ಕ್ಯಾಮೆರಾ ಹಾಕಬಹುದಂತೆ. ಕೆಳಗೆ ಕುಂತವರು ಕನ್ನಡಕದಂಥದ್ದು ಹಾಕ್ಕಂಡ್ರೆ ಮ್ಯಾಲಿಂದು ಕಾಣ್ತದಂತೆ. ಅದರಿಂದ ಏನಾಗ್ತೈತೆ? ಅವಳಿಗೆ ಬೇಕಾಗಿರಾದು ಹೋಗಾದು."

ಸ್ವಾತಿ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. "ಅವರು ಹೋಗಾಕೆ ಆಗಲ್ಲ. ಅವರ ಕಣ್ಣಾದ್ರೂ ಹೋಗಿ ಬರ್ಲಿ. ತರಿಸ್ರಿ."

ಭಾನುವಾರ ಬೆಳಗ್ಗೆ ಬೋರಪ್ಪನ ಹೊಲದ ಬದುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ನಿಂಗಕ್ಕ ಮಗಳನ್ನೂ ಕರೆಸಿಕೊಂಡಿದ್ದಳು. ದುರ್ಗೇಶ ಬೋರ್ಡು ಹೋದರೂ ಆಸೆ ಬಿಡದೆ ಯಾರನ್ನೋ ಜೊತೆಗೆ ತಂದಿದ್ದ. ಮೂರ್ತಪ್ಪ ಲಾಠಿ ಹಿಡಿದು, ತಳ್ಳುವವರೇ ಇಲ್ಲದ ಕಡೆ ಜನರನ್ನು ಹಿಂದೆ ತಳ್ಳುತ್ತಿದ್ದರು. ತುರುವನೂರಿನ ಮಲ್ಲಕ್ಕ ಕಾಶಿಯಲ್ಲಿ ಕೊಂಡ ಸೀರೆಯುಟ್ಟು ಬಂದಿದ್ದಳು. ಗಂಗಕ್ಕ ಟೆಂಪೋದಲ್ಲಿ ತನ್ನ ಕೆಂಪು ಸೀಟಿನ ಮೇಲೇ ಕುಳಿತು ಆಗಮಿಸಿದಳು. ಸೀಟನ್ನು ಹೊಲದ ನಡುವೆ ಇಳಿಸಿ, ಅವಳನ್ನು ಅದರಲ್ಲಿ ಕೂರಿಸಿದರು. ರೊಟ್ಟಿಯ ಬ್ಯಾಗು ತೊಡೆಯ ಮೇಲಿತ್ತು.

ಹೊಸ ವಾಹನಕ್ಕೆ ಪೂಜೆ ಇಲ್ಲದಿದ್ದರೆ ಹೇಗೆ? ಅರಿಶಿನ ಕುಂಕುಮ ಬಿತ್ತು, ತೆಂಗಿನಕಾಯಿ ಒಡೆಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಬಂತು. ಲಕ್ಷ್ಮೀಕಾಂತ್ ರಿಮೋಟು ನೋಡುತ್ತಿದ್ದಾಗ ಗಂಗಕ್ಕ ವಿಮಾನವನ್ನು ಹತ್ತಿರಕ್ಕೆ ತರಿಸಿಕೊಂಡು, ದೃಷ್ಟಿಯಾಗದಿರಲೆಂದು ಅದರ ಬಾಲಕ್ಕೆ ಇನ್ನೊಂದು ದಪ್ಪ ನಿಂಬೆಹಣ್ಣನ್ನೂ ಹಸಿಮೆಣಸಿನಕಾಯಿಗಳನ್ನೂ ಪೋಣಿಸಿ ಕಟ್ಟಿದಳು.

ವಿಮಾನ ಓಡಿತು, ಮೂತಿ ಎತ್ತಿತು, ಇನ್ನೂ ಎತ್ತಿತು, ಬಾಲದ ಮೇಲೆ ನೆಟ್ಟಗೆ ನಿಂತು ಆಕಾಶಕ್ಕೆ ನಮಸ್ಕಾರ ಮಾಡಿ, ಶೇಂಗಾ ಬಳ್ಳಿಯ ಬಣವೆಯ ಮೇಲೆ ಬಿದ್ದಿತು. ಬಣವೆ ಮೆತ್ತಗಿದ್ದುದರಿಂದ ಮುರಿದದ್ದು ಮುಂದಿನ ಫ್ಯಾನು ಮಾತ್ರ. ಲಕ್ಷ್ಮೀಕಾಂತ್ ಓಡಿಹೋಗಿ ಎತ್ತಿಕೊಂಡು ಬಂದು, ಬಾಲದಲ್ಲಿ ನೇತಾಡುತ್ತಿದ್ದ ನಿಂಬೆಹಣ್ಣು ನೋಡಿ ತಲೆ ಚಚ್ಚಿಕೊಂಡ. ಕಾಗದದ ತೂಕಕ್ಕೂ ಲೆಕ್ಕವಿರುವ ವಿಮಾನ ಅದು. ಹಣ್ಣನ್ನು ಬಿಚ್ಚಿ ಮೂರ್ತಪ್ಪನವರ ಬೈಕಿಗೆ ಕಟ್ಟಿದರು, ಹೊಸ ಫ್ಯಾನು ಹಾಕಿದ್ದಾಯಿತು.

ಅಷ್ಟರಲ್ಲಿ ಮಲ್ಲಕ್ಕನ ದನಿ ಎಲ್ಲರಿಗೂ ಕೇಳುವಂತೆ ಬಂತು. "ಸಣ್ಣದೇ ಏಳ್ತಿಲ್ಲ, ದೊಡ್ಡದು ಏಳ್ತೈತಾ?"

"ಏಳ್ತೈತೆ," ಎಂದಳು ಗಂಗಕ್ಕ, ಅದಕ್ಕಿಂತ ಜೋರಾಗಿ. "ನನ್ನ ಮಗ ಸುಳ್ಳು ಹೇಳಾನಲ್ಲ. ದೊಡ್ಡದು ಬಂದ ದಿನ ನೋಡ್ವಂತೆ ಬಾ."

ಲಕ್ಷ್ಮೀಕಾಂತ್ ರಿಮೋಟು ಕೆಳಗಿಟ್ಟ. ಇನ್ನು ಸುಮ್ಮನಿದ್ದರೆ ಅಮ್ಮನನ್ನು ಊರ ಮುಂದೆ ತಾನೇ ಬೀಳಿಸಿದಂತೆ. ಅವನು ಬಂದು ಸೀಟಿನ ಮುಂದೆ ಮಂಡಿಯೂರಿದ.

"ಅಮ್ಮಾ, ದೊಡ್ಡದು ಬರಲ್ಲ. ಇದು ಹರಕೆ ಅಲ್ಲ. ಇರಾದೇ ಇಷ್ಟು. ನಂಗೆ ಕಟ್ಟಾಕೆ ಬರಾದೂ ಇಷ್ಟೇ. ನಿನ್ನ ಮುಖ ನೋಡಿ ಹೇಳಾಕೆ ಆಗಲಿಲ್ಲಮ್ಮ."

ಗಂಗಕ್ಕ ವಿಮಾನವನ್ನು ನೋಡಿದಳು, ತೊಡೆಯ ಮೇಲಿನ ಬ್ಯಾಗನ್ನು ನೋಡಿದಳು. "ಮನೆಗೆ ಹೋಗಾಣ ನಡಿ," ಎಂದಳು. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಹೋಗಾಣ. ಅದಕ್ಕೂ ಮೊದ್ಲು ನಿನ್ನ ಕಣ್ಣೊಂದು ಸಲ ಕೊಡಮ್ಮ," ಎಂದು ಅವನು, ವಿಮಾನದ ಕ್ಯಾಮೆರಾ ಕಂಡದ್ದನ್ನು ತೋರಿಸುವ ಆ ಕಪ್ಪು ಕನ್ನಡಕವನ್ನು ತಾಯಿಯ ತಲೆಗೆ ಕಟ್ಟಿದ. ಅವಳು ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಸ್ವಾತಿ ಬೆಲ್ಟು ಬಿಗಿದಳು.

ವಿಮಾನ ಓಡಿತು. ಚಕ್ರ ನೆಲ ಬಿಟ್ಟಿತು. ಗಂಗಕ್ಕ "ಅಯ್ಯವ್ವಾ!" ಎಂದು ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದಳು. ವಿಮಾನ ಎಡಕ್ಕೆ ವಾಲಿದರೆ ಅವಳೂ ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದರೆ ಬಲಕ್ಕೆ. ತೆಂಗಿನ ಮರದ ತಲೆಗಳು ಅವಳ ಕಾಲ ಕೆಳಗೆ ಸರಿದವು.

"ಬೋರಪ್ಪಾ! ನಿನ್ನ ಬಾವಿ ಕಾಣ್ತೈತೆ! ನೀರೂ ಐತೆ!" ಎಂದು ಬಹಳ ಎತ್ತರದಿಂದ ಕೂಗುವವಳಂತೆ ಕೂಗಿದಳು. "ಅಲ್ನೋಡು ರೋಡು, ಲಾರಿಗಳು ಇರುವೆ ಹೋದಂಗೆ ಹೋಗ್ತಾವೆ! ಆ ಮರಳಿನ ಗೆರೆ ನಮ್ಮ ವೇದಾವತಿ ಅಲ್ಲೇನೋ!"

ಪಕ್ಕದಲ್ಲೇ ನಿಂತ ಮಲ್ಲಕ್ಕ ತಡೆಯಲಾರದೆ ಕೇಳಿದಳು. "ಮೋಡ ಕಾಣ್ತಾವೇನೇ ಗಂಗಕ್ಕ?"

"ಸುಮ್ನಿರು ಮಲ್ಲಕ್ಕ! ಮ್ಯಾಲಿದೀನಿ, ನೀನು ಹೇಳಾದು ಕೇಳ್ಸಲ್ಲ!"

ಜನ ಗೊಳ್ಳೆಂದರು. ಮಲ್ಲಕ್ಕನೂ ನಕ್ಕಳು. ನಕ್ಕು, ಸ್ವಾತಿಯ ಕಿವಿಯ ಬಳಿ ಬಾಗಿ, "ನಾನು ಕಾಶಿ ಬರೋ ತನಕ ಕಣ್ಣೇ ಬಿಡ್ಲಿಲ್ಲ ಕಣೇ, ಅಷ್ಟು ಭಯ," ಎಂದಳು.

ಬ್ಯಾಟರಿ ಮುಗಿಯುತ್ತಾ ಬಂತು. ಲಕ್ಷ್ಮೀಕಾಂತ್ ವಿಮಾನವನ್ನು ತಗ್ಗಿಸಿ ಹೊಲದ ಮೇಲೆ ಒಂದು ಸುತ್ತು ತಂದ. ಗಂಗಕ್ಕ ಒಮ್ಮೆಲೆ ಕೂಗುವುದನ್ನು ನಿಲ್ಲಿಸಿದಳು. ಕುತ್ತಿಗೆ ಮುಂದಕ್ಕೆ ಚಾಚಿದಳು.

"ಲೇ ಲಕ್ಷ್ಮೀಕಾಂತ, ನಿಧಾನ. ಕೆಳಗೆ ಹೊಲದಾಗೆ ಯಾರೋ ಒಂದು ಮುದುಕಿ ಕುಂತಾಳೆ ನೋಡು."

ವಿಮಾನ ಕೆಂಪು ಸೀಟಿನ ಎದುರಿಗೇ ಬರುತ್ತಿತ್ತು.

"ಸುತ್ತ ಜನ ಎಲ್ಲ ಮ್ಯಾಲೆ ನೋಡ್ಕಂಡು ನಗ್ತಾ ಅವ್ರೆ. ಅವಳೊಬ್ಬಳೇ ನೋಡ್ತಿಲ್ಲ. ಪಾಪ, ಕಣ್ಣಿಗೆ ಏನೋ ಕರೇದು ಕಟ್ಟವ್ರೆ. ತೊಡೆ ಮ್ಯಾಲೆ ಒಂದು ಬ್ಯಾಗ್ ಇಟ್ಕಂಡು ಎಲ್ಲಿಗೋ ಹೊರಟು ಕುಂತಂಗೆ ಐತೆ. ಯಾರೂ ಕರ್ಕಂಡು ಹೋಗಿಲ್ವೇನೋ."

ಆಕಾಶದಲ್ಲಿದ್ದ ಹಳದಿ ವಿಮಾನ ಲಕ್ಷ್ಮೀಕಾಂತನ ಕಣ್ಣಿಗೆ ಎರಡೆರಡಾಗಿ ಕಂಡಿತು.

"ಇಳಿಸೋ," ಎಂದಳು ಗಂಗಕ್ಕ. "ಅವಳನ್ನೂ ಹತ್ತಿಸ್ಕಂಡು ಹೋಗಾಣ."

ಎಂದವಳೇ ಬ್ಯಾಗನ್ನು ಎತ್ತಿಕೊಂಡು, ರಾಡು ಹಾಕಿದ ಸೊಂಟವನ್ನು ಮೆಲ್ಲಗೆ ಸರಿಸಿ, ಆ ಕೆಂಪು ಸೀಟಿನಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಒತ್ತಿಕೊಂಡು ಕುಳಿತಳು.